ಬೈಸಿಕೊಂಡಾಗ ದನಿ ಎಲ್ಲಿಗೆ ಹೋಗುತ್ತದೆ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ದಾವಣಗೆರೆಯಲ್ಲಿ ಬ್ಯಾಂಕ್ ಕೌಂಟರ್‌ನಲ್ಲಿ ಕೂರುತ್ತೇನೆ, ವಯಸ್ಸು 41. ಮೊನ್ನೆ ಒಬ್ಬರು ಪಾಸ್‌ಬುಕ್ ಎಂಟ್ರಿ ಆಗಲಿಲ್ಲ ಅಂತ ಎಲ್ಲರೆದುರು ಕೂಗಾಡಿದರು. ಪ್ರಿಂಟರ್ ಕೆಟ್ಟಿತ್ತು, ಅಷ್ಟೇ. ಅದನ್ನು ಹೇಳಲು ಹೋದರೆ ದನಿಯೇ ಹೊರಡಲಿಲ್ಲ. ಬಾಯಿ ಒಣಗಿತ್ತು, ಕೈ ತಣ್ಣಗೆ, ಎದೆ ಡವಡವ. ಸಂಜೆ ಮನೆಯಲ್ಲಿ ಮಗ ಚೊಂಬು ಬೀಳಿಸಿದ, ಪಕ್ಕದ ಮನೆಗೆ ಕೇಳುವ ಹಾಗೆ ಅವನ ಮೇಲೆ ಹರಿಹಾಯ್ದೆ. ನಾನು ಅಷ್ಟೊಂದು ಪುಕ್ಕಲಾ? ರೀಲ್ಸ್‌ನಲ್ಲಿ ‘ವೇಗಸ್ ನರ ರೀಸೆಟ್’ ಅಂತ ಐಸ್ ನೀರಿಗೆ ಮುಖ ಅದ್ದುತ್ತಾರೆ, ಅದನ್ನು ಮಾಡಲಾ?

ಉತ್ತರ: ಪುಕ್ಕಲುತನ ಅಲ್ಲ ಮೇಡಂ. ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವನು. ವೈವಾ ದಿನ ವಿದ್ಯಾರ್ಥಿಗಳಲ್ಲಿ ಇದನ್ನೇ ನೋಡುತ್ತೇನೆ. ಉತ್ತರ ಗೊತ್ತಿರುತ್ತದೆ, ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡಿರುತ್ತದೆ.

ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನೀವು ಸುಮ್ನೆ ಕೂತಾಗ 70ರ ಆಸುಪಾಸು ಇರುವುದು ಯಾಕೆ? ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಸದಾ ಬ್ರೇಕ್ ಒತ್ತಿ ಹಿಡಿದಿರುವುದರಿಂದ. ಯಾರಾದರೂ ಗದರಿದ ಕೂಡಲೇ ದೇಹ ಮೊದಲು ಆಕ್ಸಿಲರೇಟರ್ ತುಳಿಯುವುದಿಲ್ಲ, ಈ ಬ್ರೇಕ್ ಬಿಡುತ್ತದೆ. ಅದಕ್ಕೆ ಒಂದೆರಡು ಸೆಕೆಂಡ್ ಸಾಕು, ನೀವು ಯೋಚಿಸುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಆಕ್ಸಿಲರೇಟರ್ ಸರದಿ: ದೇಹವನ್ನು ಚುರುಕಾಗಿಸುವ ಸಿಂಪಥೆಟಿಕ್ ನರಗಳು ಮತ್ತು ಅಡ್ರಿನಲಿನ್ ಹಾರ್ಮೋನ್ ಸೇರಿಕೊಳ್ಳುತ್ತವೆ. ಚರ್ಮದ ರಕ್ತನಾಳ ಬಿಗಿಯುತ್ತದೆ, ಅದಕ್ಕೇ ಕೈ ತಣ್ಣಗಾಗಿದ್ದು. ಎಂಜಲು ಕಡಿಮೆಯಾಗುತ್ತದೆ. ಇನ್ನು ದನಿ: ಗಂಟಲಿನ ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಹೋಗುವುದೂ ಇದೇ ವೇಗಸ್‌ನ ಕವಲುಗಳು. ಗಾಬರಿಯಲ್ಲಿ ಆ ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ದನಿ ಹೊರಡಲು ಬೇಕಾದ ಗಾಳಿಯೇ ಸಾಲುವುದಿಲ್ಲ.

ಚೊಂಬಿನ ವಿಷಯಕ್ಕೆ ಬರೋಣ. ರಕ್ತಕ್ಕೆ ಬಂದ ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಕರಗುತ್ತದೆ. ಆದರೆ ‘ಅವರಿಗೆ ಹೀಗೆ ಹೇಳಬೇಕಿತ್ತು, ಹಾಗೆ ಹೇಳಬೇಕಿತ್ತು’ ಅಂತ ದಾರಿಯುದ್ದಕ್ಕೂ ಮೆಲುಕು ಹಾಕಿದಿರಿ ಅಲ್ವಾ, ಪ್ರತಿ ಸಲವೂ ದೇಹ ಮತ್ತೆ ಜಗಳಕ್ಕೆ ಸೊಂಟ ಕಟ್ಟಿತು. ಮನೆ ಬಾಗಿಲು ದಾಟುವಾಗ ನೀವು ಇನ್ನೂ ಕೌಂಟರ್‌ನಲ್ಲೇ ಇದ್ದಿರಿ. ಚೊಂಬು ಪಾಪ, ನೆಪ.

ಐಸ್ ನೀರಿನಿಂದ ಹೃದಯ ನಿಧಾನವಾಗುವುದು ನಿಜ, ನೀರಿಗೆ ಮುಳುಗಿದಾಗ ಆಗುವ ಸಹಜ ಪ್ರತಿಕ್ರಿಯೆ ಅದು. ಹೃದಯದ ತೊಂದರೆ ಇದ್ದವರು ಅದರ ತಂಟೆಗೆ ಹೋಗಬಾರದು. ಉಳಿದವರಿಗೂ ಗಿರಾಕಿಯ ಮುಂದೆ ಬಕೆಟ್ ಎಲ್ಲಿಂದ ಬರಬೇಕು? ರೀಸೆಟ್ ಬಟನ್ ಅನ್ನುವುದೆಲ್ಲ ವ್ಯಾಪಾರದ ಮಾತು. ನಿಮ್ಮ ಕೈಯಲ್ಲಿರುವುದು ಉಸಿರು. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಹತ್ತಿರ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ನಿಧಾನ. ಬಿಡುವಾಗ ಬ್ರೇಕ್ ಬೀಳುತ್ತಿದೆ ಅಂತ ಅರ್ಥ. ಹಾಗಾಗಿ ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ನಿಮಿಷಕ್ಕೆ ಆರೇಳು ಉಸಿರು, ಐದು ನಿಮಿಷ. ಚಪ್ಪಲಿ ಬಿಡುವ ಮುಂಚೆ ಮೆಟ್ಟಿಲ ಮೇಲೆ ಕೂತು ಮಾಡಿ.

ಕಾರಣವೇ ಇಲ್ಲದೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಇನ್ನೊಬ್ಬರು: ಸರ್, ಇದೇ ಅಲ್ವಾ ಪಾಲಿವೇಗಲ್ ಥಿಯರಿ? ನಮ್ಮ ಕೌನ್ಸೆಲರ್ ‘ಏಣಿಯ ಮೂರು ಮೆಟ್ಟಿಲು’ ಅಂತ ಹೇಳಿಕೊಟ್ಟರು.

ಉತ್ತರ: ಪೂರ್ತಿ ಅದೇ ಅಲ್ಲ. ಅದನ್ನು 1994ರಲ್ಲಿ ಮುಂದಿಟ್ಟವರು ಅಮೆರಿಕದ ಸ್ಟೀಫನ್ ಪೋರ್ಜಸ್. ನೆಮ್ಮದಿ ಇದ್ದರೆ ಜನರೊಡನೆ ಬೆರೆಯುತ್ತೇವೆ, ಅಪಾಯ ಕಂಡರೆ ಹೊಡೆದಾಟ ಇಲ್ಲ ಓಟ, ಎರಡೂ ಆಗದಿದ್ದರೆ ಮರಗಟ್ಟುತ್ತೇವೆ ಅನ್ನುವ ಚಿತ್ರ. ‘ನಾನು ಯಾಕೆ ಎದುರು ಮಾತಾಡಲಿಲ್ಲ’ ಅಂತ ತಮ್ಮನ್ನೇ ಹಳಿದುಕೊಳ್ಳುವವರಿಗೆ ಇದರಿಂದ ಸಮಾಧಾನ ಸಿಗುತ್ತದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದರ ಅಂಗರಚನೆ, ವಿಕಾಸದ ಕಥೆಯ ಬಗ್ಗೆ ನಮ್ಮ ಫಿಸಿಯಾಲಜಿಯವರಲ್ಲಿ ದೊಡ್ಡ ತಕರಾರಿದೆ. ಹೃದಯವನ್ನು ಉಸಿರಿಗೆ ಜೋಡಿಸುವ, ಹೊದಿಕೆಯಿರುವ ವೇಗಸ್ ನಾರುಗಳು ಸಸ್ತನಿಗಳ ಸ್ವತ್ತು ಅಂದಿದ್ದರು ಪೋರ್ಜಸ್. ಶ್ವಾಸಕೋಶವಿರುವ ಒಂದು ಜಾತಿಯ ಮೀನಿನಲ್ಲೂ ಅವು ಸಿಕ್ಕಿವೆ. ಏಣಿಯನ್ನು ಹೋಲಿಕೆಯಾಗಿ ಇಟ್ಟುಕೊಳ್ಳಿ, ದೇಹದೊಳಗೆ ಹುಡುಕಬೇಡಿ.

ಮತ್ತೊಬ್ಬರು: ನಮ್ಮತ್ತೆ ಎಷ್ಟೇ ಸಿಟ್ಟಿನಲ್ಲಿದ್ದರೂ ಶನಿವಾರ ಭಜನೆಗೆ ಹೋಗಿ ಬಂದರೆ ತಣ್ಣಗಾಗುತ್ತಾರೆ. ದೇವರ ಮಹಿಮೆಯೋ ವೇಗಸ್ಸೋ?

ಉತ್ತರ: ದೇವರ ಪಾಲು ನನಗೆ ಬಿಟ್ಟಿದ್ದಲ್ಲ ಅಮ್ಮಾ! ಹಾಡುವುದೆಂದರೆ ಚಿಕ್ಕದಾಗಿ ಎಳೆದುಕೊಂಡು ಉದ್ದಕ್ಕೆ ಉಸಿರು ಬಿಡುವುದೇ ತಾನೇ. ಸ್ವೀಡನ್ನಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಹೃದಯ ಬಡಿತ ಜೊತೆಜೊತೆಗೆ ಏರಿ ಇಳಿಯುವುದು ಕಂಡಿತು. ಅತ್ತೆಯವರ ಭಜನೆ ತಪ್ಪಿಸಬೇಡಿ, ನಿಮಗೇ ಒಳ್ಳೆಯದು.

ಮೊದಲು ಕೇಳಿದವರು: ಡಾಕ್ಟ್ರೇ, ರಾತ್ರಿ ಮಗನೂ ನಾನೂ ನಾಡಿ ಹಿಡಿದು ಕೂತೆವು. ಅವನದು ಉಸಿರಿನ ಜೊತೆ ಚೆನ್ನಾಗಿ ಓಡಿ ನಿಲ್ಲುತ್ತದೆ, ನನ್ನದು ಅಷ್ಟಾಗಿ ತಿಳಿಯಲಿಲ್ಲ. ‘ಅಮ್ಮ, ನಿನ್ನ ಬ್ರೇಕ್ ಫೇಲ್’ ಅಂತ ನಗುತ್ತಿದ್ದಾನೆ.

ಉತ್ತರ: ಮಕ್ಕಳಲ್ಲಿ ಅದು ಜಾಸ್ತಿ ಇರುತ್ತದೆ, ವಯಸ್ಸಾದ ಹಾಗೆ ಕಡಿಮೆಯಾಗುತ್ತದೆ. ನಿಮ್ಮ ಬ್ರೇಕ್ ಸರಿಯಾಗಿಯೇ ಇದೆ ಅಂತ ಅವನಿಗೆ ಹೇಳಿ, ಮೆತ್ತಗೆ.