ಸಹಾಯ ಬೇಕು: ದಾವಣಗೆರೆಯಲ್ಲಿ ಸಂಧಿವಾತಕ್ಕೆ ಡಾಕ್ಟರ್, ಥೆರಪಿಸ್ಟ್ ಎಲ್ಲರೂ ಸೇರಿ ನೋಡುವ ಕಡೆ ಇದೆಯಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಒಂದು ಬಗೆಯ ಸಂಧಿವಾತ) ಇದೆ. ಬೆಳಿಗ್ಗೆ ಎದ್ದರೆ ಒಂದು ಗಂಟೆಗೂ ಜಾಸ್ತಿ ಹೊತ್ತು ಬೆರಳು ಮಡಚೋಕೇ ಆಗುವುದಿಲ್ಲ. ರೊಟ್ಟಿ ತಟ್ಟುವುದಿರಲಿ, ಹಾಲಿನ ಪಾಕೆಟ್ ಕತ್ತರಿಸುವುದೂ ಕಷ್ಟ.

ವಾರಕ್ಕೆ ಒಂದೇ ದಿನ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ನಡೆಯುತ್ತಿದೆ. ಹಾಗಾಗಿ ಆಗಾಗ ರಕ್ತ, ಲಿವರ್ ಟೆಸ್ಟ್ ಆಗಬೇಕು, ಕಣ್ಣಿನ ಪರೀಕ್ಷೆಯೂ ಬೇಕು. ಮೂಳೆ ಡಾಕ್ಟರ್ ಒಂದು ಕಡೆ, ಫಿಸಿಯೋ ಇನ್ನೊಂದು ಕಡೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ಸುಮ್ನೆ ಫೈಲ್ ಹೊತ್ತು ತಿರುಗುವುದೇ ಆಗಿದೆ.

ಊರಲ್ಲಿ ಮೆಡಿಕಲ್ ಕಾಲೇಜುಗಳೇ ಎರಡಿವೆ ಅಲ್ವಾ? ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರ್), ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸ ಸುಲಭವಾಗಿ ಮಾಡೋಕೆ ಕಲಿಸುವವರು) ಮಾತಾಡಿಕೊಂಡು ನೋಡುವ ವ್ಯವಸ್ಥೆ ಎಲ್ಲಾದರೂ ಇದೆಯಾ? ತೋರಿಸಿದವರು ಇದ್ದರೆ, ಡಾಕ್ಟರ್ ವಾರದ ಯಾವ ದಿನ ಸಿಗುತ್ತಾರೆ, ಫೀಸ್ ಎಷ್ಟು ತಿಳಿಸಿ. ಎಣ್ಣೆ, ಕಷಾಯದ ಸಲಹೆ ಬೇಡ ಪ್ಲೀಸ್, ನೆಂಟರೇ ಬೇಕಾದಷ್ಟು ಕೊಟ್ಟಿದ್ದಾರೆ.