ಪದ ಬೇಕು: ಬೆನ್ನುನೋವಿಗೆ ಹಾಕುವ 'ಟೆನ್ಸ್'ಗೆ ಬೋರ್ಡ್‌ನಲ್ಲಿ ಏನಂತ ಬರೆಯೋದು?

ಎಲ್ಲರಿಗೂ ನಮಸ್ಕಾರ. ಫಿಸಿಯೋಥೆರಪಿ ಕೋಣೆಗೆ ಕನ್ನಡ ಬೋರ್ಡ್ ಬರೆಸುತ್ತಿದ್ದೇವೆ. ಸೊಂಟಕ್ಕೆ ಅಂಟುವ ಪ್ಯಾಡ್ ಹಾಕಿ, ಚರ್ಮದ ಮೇಲಿಂದಲೇ ನರಕ್ಕೆ ಸಣ್ಣ ಕರೆಂಟ್ ಹಾಯಿಸುತ್ತಾರಲ್ಲ, ಆ ಟೆನ್ಸ್‌ಗೆ ಪದ ಬೇಕು. ಕರಡಿನಲ್ಲಿರುವುದು 'ಚರ್ಮಾಂತರ ವಿದ್ಯುತ್ ನರಪ್ರಚೋದನೆ'. ಓದಿದವರು ವಾಪಸ್ ಹೋಗ್ತಾರೆ. ಪೇಂಟರ್ ನಾಳೆ ಬರುತ್ತಾನೆ, ಇವತ್ತೇ ಹೇಳಿ.

ಉತ್ತರ:
ಮೊದಲು ಸಮಾಸ ನೋಡಿಕೊಳ್ಳಿ. 'ನರ' ಅಚ್ಚಗನ್ನಡ. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಅದಕ್ಕೆ ಸಂಸ್ಕೃತದ 'ಪ್ರಚೋದನೆ' ಅಂಟಿಸಿದರೆ ಅರಿಸಮಾಸ, ಅಂದರೆ ವ್ಯಾಕರಣ ಒಪ್ಪದ ಕನ್ನಡ-ಸಂಸ್ಕೃತ ಬೆರಕೆ. ಇನ್ನು ಸಂಸ್ಕೃತದ ನರ ಅಂದುಕೊಂಡರೆ ಮನುಷ್ಯರನ್ನು ಎತ್ತಿಕಟ್ಟುವುದು ಎಂದಾಗುತ್ತದೆ! 'ಮಿಂಚುಮಿಡಿತ' ಅನ್ನಿ. ಮುಗಿಯಿತು.

ಉತ್ತರ:
ಮಿಂಚಾ? ರೋಗಿಯ ಬೆನ್ನಿಗೆ ಸಿಡಿಲು ಹೊಡೆಸ್ತೀರಾ ಸ್ವಾಮಿ? 'ನರಮಂಡಲ'ವೂ ಅರಿಸಮಾಸವೇ. ಶಾಲೆ ಮಕ್ಕಳು ಓದುತ್ತಲೇ ಇದ್ದಾರೆ, ಯಾರಿಗೂ ಏನೂ ಆಗಿಲ್ಲ. ತೊಡಕಿರುವುದು 'ನರ'ದಲ್ಲೇ. ಕೈಮೇಲೆ ಉಬ್ಬಿದ ರಕ್ತನಾಳಕ್ಕೂ ಜನ ನರ ಅಂತಾರೆ.

ಉತ್ತರ:
ನಾನು ಈ ಕೆಲಸವನ್ನೇ ಮಾಡುವವಳು. ನಮ್ಮಲ್ಲಿಗೆ ಬರುವವರು ಹೇಳೋದು 'ಕರೆಂಟ್ ಇಡೋದು'. 'ಶಾಕ್' ಮಾತ್ರ ಬರೆಯಬೇಡಿ, ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಅಂದುಕೊಂಡು ಹೆದರುತ್ತಾರೆ. 'ಪ್ರಚೋದನೆ' ಅರ್ಧ ಕತೆ ಅಷ್ಟೇ. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ 'ಗೇಟ್' ವಾದ ಇದರ ಹಿಂದಿದೆ. ಸ್ಪರ್ಶ ತಿಳಿಸುವ ದಪ್ಪ ನರಗಳನ್ನು ಕೆಣಕಿದರೆ, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಪೆಟ್ಟು ಬಿದ್ದ ಕಡೆ ಉಜ್ಜಿಕೊಂಡ ಹಾಗೆ. ಸಾಮಾನ್ಯವಾಗಿ ಸೆಕೆಂಡಿಗೆ 80ರಿಂದ 100 ಮಿಡಿತ ಇಡುತ್ತೇವೆ. ಜುಮ್ಮೆನ್ನಬೇಕು, ನೋಯಬಾರದು.

ಹಾಗಂತ 'ನೋವು ನಿವಾರಣೆ' ಅಂತ ದೊಡ್ಡಕ್ಷರದಲ್ಲಿ ಬರೆಸಬೇಡಿ. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಬೇಡ ಎಂದೇ ಹೇಳಿದೆ. ಕೆಲವರಿಗೆ ಯಂತ್ರ ಹಾಕಿದಷ್ಟು ಹೊತ್ತು ಹಾಯೆನಿಸುತ್ತದೆ.

ಉತ್ತರ:
ವೈದ್ಯಕೀಯ ಇಲ್ಲಿ ಬೇಡ ಮೇಡಂ. 'ಕರೆಂಟ್' ಅಂತಲೇ ಬರೆಯೋದಾದರೆ ಕನ್ನಡ ಬೋರ್ಡ್ ಯಾಕೆ ಬೇಕು?

ಉತ್ತರ:
'ಬೋರ್ಡ್' ಕನ್ನಡವಾ? ಹಲಗೆ ಅನ್ನಿ ಮತ್ತೆ. 'ಮಿಂಚಂಚೆ' ಬಂದು ಎಷ್ಟು ವರ್ಷವಾಯಿತು! ತಾವು ಮೊನ್ನೆ ಇಲ್ಲಿ ಬರೆದದ್ದು 'ಇಮೇಲ್ ಮಾಡಿ' ಅಂತ. ಕರೆಂಟ್ ಹೋಯ್ತು, ಕರೆಂಟ್ ಬಂತು ಅನ್ನದ ಮನೆ ಯಾವುದಿದೆ?

ಕೇಳಿದವರು:
ಎರವಲು ಪದದ ಜಗಳ ಮುಂದುವರಿಸಿ, ನನ್ನ ಕೆಲಸವಾಯಿತು. 'ಟೆನ್ಸ್: ನೋವಿಗೆ ಸಣ್ಣ ಕರೆಂಟ್' ಅಂತ ಕಳಿಸಿದ್ದೇನೆ. ಕೆಳಗೆ ಕೆಂಪಕ್ಷರದಲ್ಲಿ 'ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮೊದಲೇ ತಿಳಿಸಿ'. ದಯವಿಟ್ಟು ಪೇಸ್‌ಮೇಕರ್‌ಗೆ ಯಾರೂ ಪದ ಹುಟ್ಟಿಸಬೇಡಿ.