ಪದಚರ್ಚೆ: ಸಲಿಂಗ ಸಂಬಂಧ ‘ಕಾನೂನುಬದ್ಧ’ ಅಂದರೆ ಏನರ್ಥ?

ಗೆಳೆಯರೇ, ನಮಸ್ಕಾರ.

ಫ್ರೆಂಚ್ ಬಳಸುವ ದೇಶಗಳಲ್ಲಿ ಸಲಿಂಗಿಗಳ ಬಗ್ಗೆ ಕಾನೂನು ಏನನ್ನುತ್ತದೆ ಎಂದು ಒಂದು ಲೇಖನ ಬರೆಯುತ್ತಿದ್ದೇನೆ. ‘ಕಾನೂನುಬದ್ಧ’ ಅನ್ನುವ ಪದ ಪ್ರತಿ ಪುಟದಲ್ಲೂ ತೊಡಕಾಗುತ್ತಿದೆ. ಶಿಕ್ಷೆಯೇ ಇಲ್ಲದ ಕಡೆಗೂ ನಾವು ಇದನ್ನೇ ಬಳಸುತ್ತೇವೆ, ಇದ್ದ ಶಿಕ್ಷೆ ತೆಗೆದಾಗಲೂ ಇದನ್ನೇ, ಮದುವೆಗೆ ಅವಕಾಶ ಕೊಟ್ಟಾಗಲೂ ಇದನ್ನೇ. ಮೂರೂ ಬೇರೆ ಬೇರೆ ಅಲ್ವಾ?

ಫ್ರಾನ್ಸನ್ನೇ ನೋಡಿ. ಕ್ರಾಂತಿಯ ನಂತರ ಬಂದ 1791ರ ದಂಡಸಂಹಿತೆ ಸಲಿಂಗ ಸಂಬಂಧವನ್ನು ಅಪರಾಧಗಳಲ್ಲಿ ಸೇರಿಸಲೇ ಇಲ್ಲ. ಆದರೆ 1942ರಲ್ಲಿ ವಿಶೀ ಸರ್ಕಾರ (ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಸೋತ ಮೇಲೆ ಬಂದ ಆಡಳಿತ) ಸಲಿಂಗಿಗಳಿಗೆ ಮಾತ್ರ ಒಪ್ಪಿಗೆಯ ವಯಸ್ಸನ್ನು 21ಕ್ಕೆ ಏರಿಸಿತು. ಆ ಭೇದ ಪೂರ್ತಿ ಹೋಗಿದ್ದು 1982ರಲ್ಲಿ, ರೊಬೇರ್ ಬದಾಂತೇರ್ ನ್ಯಾಯಮಂತ್ರಿ ಆಗಿದ್ದಾಗ. 1999ರಲ್ಲಿ ‘ಪಾಕ್ಸ್’ ಬಂತು. ಅದು ಇಬ್ಬರು ಜೊತೆಯಾಗಿ ಬಾಳಲು ಮಾಡಿಕೊಳ್ಳುವ ಕರಾರು, ಮದುವೆಯಲ್ಲ. ಮದುವೆಯ ಹಕ್ಕು ಸಿಕ್ಕಿದ್ದು 2013ರಲ್ಲಿ. ಹಾಗಾದರೆ ಫ್ರಾನ್ಸಿನಲ್ಲಿ ಇದು ‘ಕಾನೂನುಬದ್ಧ’ವಾಗಿದ್ದು ಯಾವ ವರ್ಷ?

ಆಫ್ರಿಕಾದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಐವರಿ ಕೋಸ್ಟ್‌ನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ, ಆದರೆ ಅಂಥ ಜೋಡಿಗೆ ಮದುವೆಯಿಲ್ಲ. ಗಬಾನ್ 2019ರಲ್ಲಿ ಅದನ್ನು ಅಪರಾಧ ಮಾಡಿ, ಮರುವರ್ಷವೇ ಆ ಕಲಂ ಕಿತ್ತುಹಾಕಿತು. ಬುರ್ಕಿನಾ ಫಾಸೋದಲ್ಲಿ ನಿಷೇಧವೇ ಇರಲಿಲ್ಲ. 2025ರಲ್ಲಿ ಜೈಲು ಶಿಕ್ಷೆಯ ಕಾನೂನು ಮಾಡಿದರು. ‘ಮೊದಲು ಅಲ್ಲಿ ಕಾನೂನುಬದ್ಧವಾಗಿತ್ತು’ ಎಂದು ಬರೆದರೆ ಸರ್ಕಾರವೇ ಮಾನ್ಯತೆ ಕೊಟ್ಟಿತ್ತೇನೋ ಅನ್ನಿಸುತ್ತದೆ. ಅಲ್ಲಿನ ಜನರಿಗೆ ಅಂಥ ಆಸರೆ ಯಾವತ್ತೂ ಇರಲಿಲ್ಲ.

ನನಗೆ ತೋಚಿದ್ದು ಹೀಗೆ: ಕಾನೂನು ಸುಮ್ಮನಿದ್ದರೆ ‘ನಿಷೇಧವಿಲ್ಲ’, ಶಿಕ್ಷೆ ತೆಗೆದರೆ ‘ಅಪರಾಧಮುಕ್ತ’, ಮದುವೆಯೋ ಕರಾರೋ ಇದ್ದರೆ ಮಾತ್ರ ‘ಕಾನೂನಿನ ಮಾನ್ಯತೆ’. ‘ಅಪರಾಧಮುಕ್ತ’ ಅಂದಾಗ ಒಬ್ಬ ಆರೋಪಿ ಖುಲಾಸೆಯಾದ ಹಾಗೆ ಕೇಳಿಸುತ್ತದೆ, ಅದೊಂದು ಅಳುಕು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ 377ನೇ ಕಲಂ ತೀರ್ಪು ಬಂದಾಗ ‘ಇನ್ನು ಅಪರಾಧವಲ್ಲ’ ಎಂಬ ಮಾತು ಚೆನ್ನಾಗಿ ಹೊಂದಿತ್ತು. ಆದರೆ ಅದನ್ನು ನಾಮಪದ ಮಾಡುವುದು ಹೇಗೆ?

ಇನ್ನೊಂದು ಕಷ್ಟ. ಮೊರಾಕೊದ 489ನೇ ಕಲಮಿನ ಫ್ರೆಂಚ್ ಪಾಠದಲ್ಲಿ ‘ಕೋಂತ್ರ್ ನಾತ್ಯೂರ್’ ಎಂದಿದೆ, ನಮ್ಮ 377ರ ‘ಪ್ರಕೃತಿ ನಿಯಮಕ್ಕೆ ವಿರುದ್ಧ’ ಎಂಬ ಮಾತಿನ ಹತ್ತಿರದ್ದೇ. ಟ್ಯುನೀಶಿಯಾದಲ್ಲಿ 1913ರ ದಂಡಸಂಹಿತೆಯ 230ನೇ ಕಲಂ ಇದೆ. ಅದರ ಫ್ರೆಂಚ್ ಪಾಠದಲ್ಲಿರುವುದು ‘ಸೊಡೊಮಿ’ (ಗುದಸಂಭೋಗ) ಒಂದೇ. ಅರಬ್ಬಿ ಪಾಠ ಹೆಣ್ಣು ಹೆಣ್ಣಿನ ಸಂಬಂಧಕ್ಕಿರುವ ಪದವನ್ನೂ ಸೇರಿಸುತ್ತದೆ. ಎರಡಕ್ಕೂ ‘ಸಲಿಂಗಕಾಮ’ ಎಂದುಬಿಟ್ಟರೆ ಈ ವ್ಯತ್ಯಾಸ ಓದುಗರಿಗೆ ಕಾಣುವುದೇ ಇಲ್ಲ. ಜೊತೆಗೆ ಆ ಪದ ಇಡೀ ಬದುಕನ್ನು ಬರೀ ಕಾಮಕ್ಕೆ ಇಳಿಸುತ್ತದೆ. ಕಾನೂನಿನ ಹೀನ ಮಾತನ್ನು ಉದ್ಧರಣೆಯಲ್ಲಿ ಹಾಗೇ ಇಟ್ಟು, ನನ್ನ ವಾಕ್ಯಗಳಲ್ಲಿ ‘ಸಲಿಂಗ ಸಂಬಂಧ’ ಎಂದೇ ಬರೆಯಬೇಕೆಂದಿದ್ದೇನೆ.

ಕೋರ್ಟು ಕಚೇರಿಯ ಕನ್ನಡ ಬಲ್ಲವರು, ಮುಖ್ಯವಾಗಿ ಸಮುದಾಯದವರು, ತಾವು ಯಾವ ಪದ ಬಳಸುತ್ತೀರಿ ಎಂದು ತಿಳಿಸಿ. ‘ಪಾಕ್ಸ್’ಗೆ ‘ಸಹಬಾಳ್ವೆ ಕರಾರು’ ಆದೀತೇ?